ಕತ್ತಲಗೆರೆಯಿಂದ ಬಾರದ ಕೊನೆಯ ರೀಲು

ಪರ್ಸಿನಲ್ಲಿ ಕಸ ತುಂಬಿಕೊಂಡು ತಿರುಗುವುದು ನನ್ನ ಹಳೆಯ ಚಟ. ಔಷಧಿ ಅಂಗಡಿಯ ಚೀಟಿ, ಯಾರದೋ ಮದುವೆಯಲ್ಲಿ ಕೊಟ್ಟ ಅಡಿಕೆಪುಡಿಯ ಪೊಟ್ಟಣ, ಎರಡು ಪಿನ್ನು, ಅರ್ಧ ಸೀಮೆಸುಣ್ಣ. ನಿವೃತ್ತಿಯಾಗಿ ಎರಡು ವರ್ಷವಾಯಿತು, ನಾನು ಶಾಲೆ ಬಿಟ್ಟರೂ ಸೀಮೆಸುಣ್ಣ ನನ್ನನ್ನು ಬಿಟ್ಟಿಲ್ಲ. ಮೊನ್ನೆ ಚನ್ನಗಿರಿಯಲ್ಲಿ ಬಸ್ಸು ಹತ್ತಿ, ಆಧಾರ್ ಕಾರ್ಡು ಎಲ್ಲಿ ಎಂದು ಪರ್ಸನ್ನು ಮಡಿಲಿಗೆ ಸುರಿದುಕೊಂಡಾಗ ಒಂದು ಬಿಳಿ ಚೀಟಿ ಜಾರಿ ಕಂಡಕ್ಟರನ ಕಾಲ ಬಳಿ ಬಿತ್ತು. ಆತ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಏನೂ ಬರೆದಿಲ್ಲವಲ್ಲ, ಬಿಸಾಕಲೇ ಎಂದು ಕೇಳಿದ. ನಾನು ಬೇಡ ಬೇಡ ಎಂದು ಕಸಿದುಕೊಂಡೆ. ಖಾಲಿ ಚೀಟಿಗೆ ಇಷ್ಟೊಂದು ಗಾಬರಿಯಾಗುವ ಹೆಂಗಸನ್ನು ಆತ ಕಂಡಿರಲಿಕ್ಕಿಲ್ಲ.

ಅದು ದಾವಣಗೆರೆಯಲ್ಲಿ ನೋಡಿದ ಸಿನಿಮಾದ ಟಿಕೆಟ್ಟು. ಈಗಿನ ಟಿಕೆಟ್ಟುಗಳ ಹಣೆಬರಹವೇ ಅಷ್ಟು, ನಾಲ್ಕು ತಿಂಗಳಲ್ಲಿ ಅಕ್ಷರವೆಲ್ಲ ಮಾಯ. ನಗಬೇಡಿ, ಅರವತ್ತೆರಡರ ನಾನು ಒಬ್ಬಳೇ ಹೋಗಿ, ಕನ್ನಡಕದ ಮೇಲೆ ಅವರು ಕೊಟ್ಟ ಕಪ್ಪು ಕನ್ನಡಕ ಏರಿಸಿಕೊಂಡು, ಆಕಾಶದಲ್ಲಿ ಹಾರುವ ಮನುಷ್ಯನ ಸಿನಿಮಾ ನೋಡಿ ಬಂದೆ. ಎರಡು ಕನ್ನಡಕ ಒಂದು ಮೂಗಿನ ಮೇಲೆ ನಿಲ್ಲುವುದಿಲ್ಲ. ಮಧ್ಯಂತರದವರೆಗೆ ಅರ್ಧ ಆಕಾಶ ನೋಡಿದ್ದೇನೆ, ಅರ್ಧ ಮೂಗು ಹಿಡಿದುಕೊಂಡಿದ್ದೇನೆ. ಆ ಸಿನಿಮಾ ನೋಡಿ ಬಂದು ನಾನು ಮಾಡಿದ ಕೆಲಸಕ್ಕೆ ಮಾತ್ರ ನನ್ನನ್ನು ನಾನೇ ಇನ್ನೂ ಕ್ಷಮಿಸಿಕೊಂಡಿಲ್ಲ.

ನನಗೇನೂ ಸಿನಿಮಾ ಹುಚ್ಚಿಲ್ಲ. ಕಳಿಸಿದವನು ನನ್ನ ಸೋದರಮಾವ ರುದ್ರಪ್ಪ. ಲಕ್ವ ಹೊಡೆದು, ಎಡಗೈ ಎಡಗಾಲು ಹೋಗಿ, ಹೊನ್ನಾಳಿಯಲ್ಲಿ ಮಗಳ ಮನೆಯ ನಡುಮನೆಯಲ್ಲಿ ಮಲಗಿದ್ದ. ಮಾತು ತೊದಲುತ್ತಿತ್ತು. ಒಂದು ಕಾಲದಲ್ಲಿ ಆ ದನಿ ಬಸವಾಪಟ್ಟಣದ ಟೆಂಟಿನಿಂದ ಹೊರಟರೆ ಕೋಟೆಗುಡ್ಡಕ್ಕೆ ಬಡಿದು ತಿರುಗಿ ನಮ್ಮ ಮನೆಯ ಹಿತ್ತಲಿಗೆ ಬರುತ್ತಿತ್ತು. ನನ್ನ ಅವ್ವ ಅನ್ನಕ್ಕೆ ಎಸರಿಡುತ್ತಿದ್ದುದೇ ತಮ್ಮನ ದನಿ ಕೇಳಿ.

ಮಾವನ ಕೆಲಸ ಏನೆಂದು ಹೇಳಿದರೆ ಈಗಿನವರು ನಂಬುವುದಿಲ್ಲ. ಟೂರಿಂಗ್ ಟಾಕೀಸಿನ ಟೆಂಟಿಗೆ ಆಗಾಗ ಇಂಗ್ಲಿಷ್ ಸಿನಿಮಾ ಬರುತ್ತಿತ್ತು. ನಮ್ಮೂರಲ್ಲಿ ಇಂಗ್ಲಿಷ್ ಬರುತ್ತಿದ್ದವರು ಇಬ್ಬರು, ಪೋಸ್ಟ್ ಮಾಸ್ತರು ಮತ್ತು ಹೈಸ್ಕೂಲು ಹೆಡ್‌ಮಾಸ್ತರು, ಇಬ್ಬರೂ ಟೆಂಟಿಗೆ ಬರುತ್ತಿರಲಿಲ್ಲ. ಹಾಗಾಗಿ ಪರದೆಯ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು, ಮೈಕ್ ಹಿಡಿದು, ಅಲ್ಲಿ ನಡೆಯುವುದನ್ನು ಕನ್ನಡದಲ್ಲಿ ಹೇಳಲು ಒಬ್ಬ ಬೇಕಾಗಿತ್ತು. ಅವನೇ ನಮ್ಮ ಮಾವ. ಇಂಗ್ಲಿಷ್ ಅವನಿಗೂ ಬರುತ್ತಿರಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಸುಳ್ಳು ಹೇಳಿದರೂ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದ.

ಅವನ ಕೈಗೆ ಸಿಕ್ಕ ಯಾವ ಹೀರೋನೂ ಕೆಟ್ಟವನಾಗಿ ಉಳಿಯಲಿಲ್ಲ. ಹೀರೋ ಬಣ್ಣದ ನೀರಿನ ಗ್ಲಾಸು ಎತ್ತಿದರೆ, ಮಾವ ಅದು ನಿಂಬೆಹಣ್ಣಿನ ಶರಬತ್ತು, ಅವನಿಗೆ ಪಿತ್ತ ಜಾಸ್ತಿ ಎನ್ನುತ್ತಿದ್ದ. ಹೀರೋ ಹೀರೋಯಿನ್ನಿನ ಮುಖದ ಹತ್ತಿರ ಮುಖ ತಂದರೆ ಮಾವನಿಗೆ ಮೈಕಿನಲ್ಲೇ ಕೆಮ್ಮು ಬಂದು, ಕೆಮ್ಮಿನ ನಡುವೆ ನಾಳೆಯ ಆಟ ಯಾವುದೆಂಬ ಪ್ರಕಟಣೆ ಹೊರಬಿದ್ದು, ಅಷ್ಟರಲ್ಲಿ ಆ ಸೀನು ದಾಟಿಹೋಗಿರುತ್ತಿತ್ತು. ಇನ್ನು ಹಾರುವ ಹೀರೋ. ಹಳದಿ ಅಂಗಿ, ಬೆನ್ನಿಗೆ ಹಸಿರು ಬಟ್ಟೆ ಕಟ್ಟಿಕೊಂಡ ಆ ಎತ್ತರದ ಆಸಾಮಿ ಮೊದಲ ಸಲ ಹಾರುವ ಮುಂಚೆ ಬಗ್ಗಿ ಬೂಟಿನ ದಾರ ಬಿಗಿದುಕೊಳ್ಳುತ್ತಾನೆ. ಎದುರಿಗೆ ಅವನ ತಾಯಿ ನಿಂತಿರುತ್ತಾಳೆ. ಮಾವ ಮೈಕಿನಲ್ಲಿ, ನೋಡ್ರಿ, ಎಷ್ಟೇ ಶಕ್ತಿ ಇರಲಿ, ಹಾರೋ ಮುಂಚೆ ಅವ್ವನ ಕಾಲಿಗೆ ಬೀಳ್ತಾನೆ ಎಂದ. ನೆಲದ ಮೇಲೆ ಕುಳಿತ ಹೆಂಗಸರೆಲ್ಲ ಲೊಚಗುಟ್ಟಿದರು. ಮಾರನೇ ದಿನದಿಂದ ನಮ್ಮ ಕೇರಿಯ ಹುಡುಗರು ಹುಡುಗಿಯರೆಲ್ಲ ಬೆನ್ನಿಗೆ ಟವೆಲು ಕಟ್ಟಿಕೊಂಡು, ಜಗಲಿಯಿಂದ ಹಾರುವ ಮುಂಚೆ ಅವರವರ ಅವ್ವಂದಿರ ಕಾಲಿಗೆ ಬಿದ್ದು ಹಾರತೊಡಗಿದೆವು. ನನ್ನ ಮೊಣಕಾಲಲ್ಲಿ ಆ ಹಾರಾಟದ ಗುರುತು ಇನ್ನೂ ಇದೆ.

ಟೆಂಟಿನ ಬಾಗಿಲಲ್ಲಿ ಪುಟ್ಟವ್ವ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಇಟ್ಟುಕೊಂಡು ಕೂರುತ್ತಿದ್ದಳು. ಅವಳ ಮಗ ಮಂಜ ಮೂರನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ. ಆ ಸಲುಗೆಗೆ ನನ್ನ ಪೊಟ್ಟಣಕ್ಕೆ ಒಂದು ಹಿಡಿ ಜಾಸ್ತಿ ಬೀಳುತ್ತಿತ್ತು. ಆ ಬೇಸಿಗೆಯಲ್ಲಿ ಮಂಜ ಭದ್ರಾ ನಾಲೆಗೆ ಈಜಲು ಹೋದವನು ಬರಲಿಲ್ಲ. ಮೂರನೇ ದಿನ ಸಿಕ್ಕಿದನಂತೆ, ನಮಗೆ ಮಕ್ಕಳಿಗೆ ತೋರಿಸಲಿಲ್ಲ. ಸ್ವಲ್ಪ ದಿನ ಬಿಟ್ಟು ಪುಟ್ಟವ್ವ ತಿರುಗಿ ಟೆಂಟಿನ ಬಾಗಿಲಿಗೆ ಬಂದು ಕೂತಳು. ಮಾತು ನಿಂತಿತ್ತು, ಹೆಚ್ಚಿನ ಆ ಒಂದು ಹಿಡಿ ಮಾತ್ರ ನಿಲ್ಲಲಿಲ್ಲ. ಮಂಡಕ್ಕಿ ಖಾಲಿಯಾದ ಮೇಲೆ ಬುಟ್ಟಿ ಮಗುಚಿ ಹಾಕಿ, ಒಳಗೆ ಬಂದು ಬಿದಿರಿನ ಗಳುವಿಗೆ ಒರಗಿ ಕೂತು ಸಿನಿಮಾ ನೋಡುತ್ತಿದ್ದಳು. ನೋಡುತ್ತಿದ್ದಳೋ ಸುಮ್ಮನೆ ಬೆಳಕಿಗೆ ಮುಖ ಕೊಟ್ಟುಕೊಂಡಿದ್ದಳೋ, ಒಂಬತ್ತು ವರ್ಷದ ನನಗೆ ಅದೆಲ್ಲ ತಿಳಿಯುತ್ತಿರಲಿಲ್ಲ.

ಈಗ ರೀಲಿನ ವಿಷಯ. ನಮ್ಮ ಟೆಂಟಿನ ಸಾಹುಕಾರನದೇ ಇನ್ನೊಂದು ಟೆಂಟು ಕತ್ತಲಗೆರೆಯಲ್ಲಿತ್ತು. ಎರಡಕ್ಕೂ ಸೇರಿ ಒಂದೇ ಪ್ರಿಂಟು ತರಿಸುತ್ತಿದ್ದ. ಕತ್ತಲಗೆರೆಯಲ್ಲಿ ಆಟ ಮೊದಲು ಶುರು. ಅಲ್ಲಿ ಒಂದೊಂದು ರೀಲು ಮುಗಿದಂತೆಲ್ಲ ಅದನ್ನು ಡಬ್ಬಿಗೆ ಹಾಕಿ, ಹನುಮಂತಪ್ಪ ಎಂಬ ಕತ್ತಲಗೆರೆಯ ಹುಡುಗ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ನಮ್ಮೂರಿಗೆ ತುಳಿಯುತ್ತಿದ್ದ. ಅವರು ನಾಲ್ಕನೇ ರೀಲು ನೋಡುವಾಗ ನಾವು ಎರಡನೆಯದರಲ್ಲಿ ಇರುತ್ತಿದ್ದೆವು. ಹಾಗಾಗಿ ಕತ್ತಲಗೆರೆಯವರು ನಮಗಿಂತ ತಿಳಿದವರಂತೆ ಜಂಬ ಮಾಡುತ್ತಿದ್ದರು. ಹನುಮಂತಪ್ಪ ತಡವಾದಾಗ ಮಾವ ಮೈಕಿನಲ್ಲಿ ವಚನ ಹೇಳುತ್ತಿದ್ದ, ಅಡಿಕೆ ಧಾರಣೆ ಹೇಳುತ್ತಿದ್ದ, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತೆಂಬುದನ್ನೂ ಹೇಳುತ್ತಿದ್ದ.

ಹಾರುವ ಹೀರೋನ ಸಿನಿಮಾ ನಮ್ಮೂರಿಗೆ ಒಂದೇ ದಿನದ ಆಟ. ಕೊನೆಯ ರೀಲಿಗೆ ಮುಂಚೆ ಒಂದು ದೊಡ್ಡ ಅಣೆಕಟ್ಟು ಬಿರುಕು ಬಿಡುತ್ತದೆ. ಕೆಳಗೆ ಊರು ಇದೆ. ಹೀರೋ ಬಂದು ಬಿರುಕಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಶಾಂತಿಸಾಗರದ ಏರಿಯ ಕೆಳಗೆ ಬದುಕುವ ನಮಗೆ ಕೆರೆ ಒಡೆಯುವುದೆಂದರೆ ಏನೆಂದು ಯಾರೂ ವಿವರಿಸಬೇಕಾಗಿರಲಿಲ್ಲ. ಟೆಂಟಿನಲ್ಲಿ ಒಬ್ಬರೂ ಉಸಿರು ಬಿಡಲಿಲ್ಲ. ಅಲ್ಲಿಗೆ ರೀಲು ಮುಗಿಯಿತು, ಲೈಟು ಹತ್ತಿತು. ಹನುಮಂತಪ್ಪ ಬರಲಿಲ್ಲ. ಕಾದೆವು. ಸೈಕಲ್ಲು ಪಂಕ್ಚರ್ ಆಗಿದೆಯಂತೆ ಎಂಬ ಸುದ್ದಿ ಬಂತು.

ಆಗ ಮಾವ ಸ್ಟೂಲಿನಿಂದ ಎದ್ದು ನಿಂತು, ಖಾಲಿ ಪರದೆಯ ಮುಂದೆ ಉಳಿದ ಕಥೆಯನ್ನು ಬರೀ ಬಾಯಲ್ಲಿ ಹೇಳಿದ. ಹೀರೋ ಬೆನ್ನು ಕೊಟ್ಟು ನಿಂತೇ ಇದ್ದಾನೆ, ಕೆಳಗಿನ ಊರಿನ ಗೌಡರು, ಗಾರೆ ಕೆಲಸದವರು, ಕಲ್ಲು ಒಡೆಯುವವರು ಎಲ್ಲ ಗಾಡಿ ಕಟ್ಟಿಕೊಂಡು ಬಂದರು, ಹೆಂಗಸರು ಬುಟ್ಟಿಯಲ್ಲಿ ಮಣ್ಣು ಹೊತ್ತರು, ಬೆಳಗಾಗುವಷ್ಟರಲ್ಲಿ ಏರಿ ಗಟ್ಟಿಯಾಯಿತು. ಎಲ್ಲ ಮುಗಿದ ಮೇಲೆ ಹೀರೋ ಬೆನ್ನು ಸರಿಸಿದ. ಅಂಗಿ ಹರಿದಿತ್ತು, ಮೈಯೆಲ್ಲ ಕೆಸರು. ಹಾರಲು ಶಕ್ತಿ ಇರಲಿಲ್ಲ, ನಡೆದುಕೊಂಡೇ ಮನೆಗೆ ಹೋದ. ಅವರ ಅವ್ವ ಬಿಸಿನೀರು ಕಾಯಿಸಿಟ್ಟಿದ್ದಳು. ಮಾವ ಅಲ್ಲಿಗೆ ನಿಲ್ಲಿಸಿದ. ಖಾಲಿ ಪರದೆಗೆ ಅಷ್ಟು ಚಪ್ಪಾಳೆ ಬಿದ್ದದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮಾರನೇ ದಿನ ದೊಡ್ಡಮ್ಮನ ಊರಾದ ಕತ್ತಲಗೆರೆಗೆ ಹೋಗಿದ್ದೆ. ಅಲ್ಲಿ ಅದೇ ಸಿನಿಮಾ ಇನ್ನೊಂದು ದಿನ ಇತ್ತು. ದೊಡ್ಡಮ್ಮನ ಜೊತೆ ಕೂತು ನೋಡಿದೆ. ಕೊನೆಯ ರೀಲಿನಲ್ಲಿ ಯಾವ ಗೌಡರೂ ಬರಲಿಲ್ಲ. ಹೀರೋ ಒಬ್ಬನೇ ನಿಂತಿದ್ದ. ಕೆಳಗಿನ ಜನ ಗುಡ್ಡ ಹತ್ತುವವರೆಗೆ ನಿಂತಿದ್ದು, ಆಮೇಲೆ ಕಣ್ಣು ಮುಚ್ಚಿದ. ಅಣೆಕಟ್ಟು ಒಡೆಯಿತು. ಕೊನೆಗೆ ನೀರಿನ ಮೇಲೆ ಹಸಿರು ಬಟ್ಟೆಯೊಂದೇ ತೇಲಿತು.

ನಾನೇನು ಮಾಡಿದೆ ಗೊತ್ತೇ? ಊರಿಗೆ ವಾಪಸು ಬಂದು, ಬಸ್ಸಿಳಿದವಳೇ ಮನೆಮನೆಗೆ ಹೋಗಿ ಡಂಗುರ ಸಾರಿದೆ. ಮಾವ ಹೇಳಿದ್ದು ಸುಳ್ಳು, ಅವನು ಸತ್ತ, ನೀರಲ್ಲಿ ಹೋದ, ನಾನೇ ಕಣ್ಣಾರೆ ನೋಡಿದೆ. ಪುಟ್ಟವ್ವನಿಗೂ ಹೇಳಿದೆ. ಅವಳು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ಹಿಡಿದ ಕೈ ನಿಂತದ್ದು ನೆನಪಿದೆ. ಆ ದಿನ ನನ್ನ ಪೊಟ್ಟಣಕ್ಕೆ ಹೆಚ್ಚಿನ ಹಿಡಿ ಬೀಳಲಿಲ್ಲ, ಅದಕ್ಕೆ ನನಗೆ ಬೇಜಾರಾದದ್ದೂ ನೆನಪಿದೆ. ಮೈಕ್ ರುದ್ರಪ್ಪನಾಗಿದ್ದ ಮಾವ ಅವತ್ತಿನಿಂದ ಸುಳ್ಳು ರುದ್ರಪ್ಪನಾದ. ಆ ಹೆಸರು ಅವನ ಮದುವೆಯಲ್ಲೂ ಬಂತು, ಪಂಚಾಯ್ತಿ ಕಟ್ಟೆಯಲ್ಲೂ ಬಂತು. ಎರಡೂ ಊರಿನವರು ಸಂತೆಯಲ್ಲಿ ಸಿಕ್ಕಾಗಲೆಲ್ಲ ಅವನು ಸತ್ತನೋ ಬದುಕಿದನೋ ಎಂದು ವರ್ಷಗಟ್ಟಲೆ ಜಗಳವಾಡಿದರು. ಮಾವ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಕೇಳಿದವರಿಗೆ ಪಂಕ್ಚರ್ ಆಗಿತ್ತಪ್ಪಾ, ನಾನೇನು ಮಾಡಲಿ ಎನ್ನುತ್ತಿದ್ದ.

ಆಮೇಲೆ ಟೆಂಟು ಬರಗಾಲದ ಊರಾದ ಜಗಳೂರಿಗೆ ಹೋಯಿತು. ಅಲ್ಲಿ ಅದೇ ಸಿನಿಮಾ ಹಾಕಿದಾಗ ನಡೆದದ್ದನ್ನು ಮಾವ ಮುದುಕನಾದ ಮೇಲೂ ಹೇಳಿ ನಗುತ್ತಿದ್ದ. ಹೀರೋ ಬಿರುಕಿಗೆ ಬೆನ್ನು ಕೊಟ್ಟಾಗ ಮುಂದಿನ ಸಾಲಿನ ಯಜಮಾನರೊಬ್ಬರು ಎದ್ದು ನಿಂತು, ಪಕ್ಕಕ್ಕೆ ಸರಿಯಾಕೆ ಹೇಳಪ್ಪ ಅವ್ನಿಗೆ, ನಮ್ಮ ಕೆರೆಗಾದ್ರೂ ನೀರು ಬರ್ಲಿ ಎಂದರಂತೆ. ಅಲ್ಲಿ ಕೊನೆಯ ರೀಲು ತೋರಿಸಿದೆಯಾ ಎಂದು ನಾನು ಕೆಣಕಿದ್ದೆ. ತೋರಿಸಿದೆ, ಮೈಕ್ ಆಫ್ ಮಾಡಿಕೊಂಡು ಕೂತಿದ್ದೆ, ಜನ ಅತ್ತರು ಎಂದಿದ್ದ. ಹಾಗಾದರೆ ನಮ್ಮೂರಲ್ಲಿ ಮಾತ್ರ ಯಾಕೆ ಸುಳ್ಳು ಎಂದು ಕೇಳಿದ್ದಕ್ಕೆ, ಪಂಕ್ಚರ್ ಆಗಿತ್ತಲ್ಲವ್ವ ಎಂದು ಮಾತು ಮುಗಿಸಿದ್ದ.

ಈ ನಿಜ ಹೇಳುವ ರೋಗ ನನಗೆ ಆಮೇಲೂ ವಾಸಿಯಾಗಲಿಲ್ಲ. ನ್ಯಾಮತಿಯಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದೆ. ಮಕ್ಕಳು ನನಗೆ ಎಕ್ಸ್‌ರೇ ಎಂದು ಅಡ್ಡಹೆಸರಿಟ್ಟಿದ್ದರು. ಪಕ್ಕದ ಮನೆಯ ಹುಡುಗಿಯನ್ನು ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ಹೇಗೆ ಎಂದು ಕೇಳಿದರೆ, ಒಳ್ಳೆಯವಳು, ದೂರದೃಷ್ಟಿ ಮಾತ್ರ ಸ್ವಲ್ಪ ಕಮ್ಮಿ, ಕನ್ನಡಕ ತೆಗೆದಿಟ್ಟು ಕೂತಿದ್ದಾಳೆ ಎಂದುಬಿಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ, ನಾನು ಒಂದೇ ನಿಜಕ್ಕೆ ಒಂದು ಮದುವೆ ಕೆಡಿಸಿದೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೆ ಒದೆ ಬಿದ್ದಷ್ಟೂ ನಾನೇ ಸರಿ ಎಂಬ ಹೆಮ್ಮೆ ಬೆಳೆಯುತ್ತಿತ್ತು.

ಹೊನ್ನಾಳಿಗೆ ಮಾವನನ್ನು ನೋಡಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಅವನ ಮೊಮ್ಮಗಳು ಕಾಲೇಜು ಓದುವವಳು. ಅವಳ ಫೋನಿನಲ್ಲಿ ಬರುವ ಸಿನಿಮಾಗಳನ್ನು ತಾತನಿಗೂ ತೋರಿಸುತ್ತಿದ್ದಳು. ಎಲ್ಲ ಹೀರೋಗಳಿಗೂ ಗಡ್ಡ, ಎಲ್ಲರ ಕೈಯಲ್ಲೂ ಮಚ್ಚೋ ಕೊಡಲಿಯೋ, ಎಲ್ಲರ ಮೈಯೂ ರಕ್ತ. ಇವನು ಕಳ್ಳನಾ ಎಂದು ಮಾವ ಕೇಳಿದರೆ, ಇಲ್ಲ ತಾತ, ಇವನೇ ಹೀರೋ ಎನ್ನುತ್ತಿದ್ದಳು. ಹಾರುವವರೂ ಹಾಗೇ ಆಗಿಬಿಟ್ಟಿದ್ದಾರಂತೆ. ಹಾರುತ್ತಾರೆ, ಬಯ್ಯುತ್ತಾರೆ, ಊರು ಒಡೆದು ಹಾಕಿ ನಗುತ್ತಾರೆ. ಒಳ್ಳೆಯವನ ಸಿನಿಮಾ ಈಗ ಓಡಲ್ಲ ತಾತ, ಜನಕ್ಕೆ ಬೋರು ಹೊಡೆಯುತ್ತೆ ಎಂದು ಆ ಹುಡುಗಿ ಯಾವ ದುರುದ್ದೇಶವೂ ಇಲ್ಲದೆ ಹೇಳಿದಳು. ನಾನು ಮಾವನ ಮುಖ ನೋಡಿದೆ. ಮುಖದ ಬಲಗಡೆಗೆ ಮಾತ್ರ ಜೀವವಿತ್ತು, ಅದು ಸಣ್ಣಗಾಯಿತು.

ದಾವಣಗೆರೆಗೆ ಹಾರುವ ಹೀರೋನ ಹೊಸ ಸಿನಿಮಾ ಬಂದಿದೆ, ಇದರಲ್ಲಿ ಹೀರೋ ಒಳ್ಳೆಯವನೇ ಅಂತೆ ಎಂದು ಅವಳೇ ಮತ್ತೆ ಹೇಳಿದ್ದು. ಮಾವನಿಗೆ ಹೋಗುವ ಸ್ಥಿತಿ ಇರಲಿಲ್ಲ. ಸರಿ ಇದ್ದ ಕೈಯಿಂದ ನನ್ನ ಸೆರಗು ಹಿಡಿದುಕೊಂಡ.

"ಗಿರಿಜಾ, ನೀನು ಹೋಗಿ ನೋಡ್ಕಂಡು ಬಾ. ನೀನಾದ್ರೆ ಇದ್ದದ್ದು ಇದ್ದಂಗೆ ಹೇಳ್ತಿ. ಜನ ಒಳ್ಳೇನಿಗೆ ಇನ್ನೂ ಚಪ್ಪಾಳೆ ಹೊಡಿತಾರಾ ಇಲ್ಲಾ, ಅಷ್ಟು ತಿಳ್ಕಂಡು ಬಾ ತಾಯಿ."

ಅಷ್ಟು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಎಪ್ಪತ್ತೇಳು ವರ್ಷದ ಮನುಷ್ಯ, ಊರೆಲ್ಲ ಸುಳ್ಳ ಎಂದು ಕರೆದವನು, ತಾನು ಜೀವಮಾನವೆಲ್ಲ ಯಾವುದಕ್ಕೆ ಸುಳ್ಳು ಹೇಳಿದೆನೋ ಅದು ಇನ್ನೂ ಯಾರಿಗಾದರೂ ಬೇಕೇ ಎಂದು ಕೇಳುತ್ತಿದ್ದ. ನನಗೆ ಅದು ಆಗಲೇ ಅರ್ಥವಾಗಬೇಕಿತ್ತು. ಗಟ್ಟಿ ಮನಸ್ಸಿನವಳೆಂದು ನನ್ನನ್ನು ನಂಬಿದ್ದಾನೆ ಎಂದು ಮಾತ್ರ ಅರ್ಥವಾಯಿತು.

ಹೋದೆ. ಅಷ್ಟು ದೊಡ್ಡ ಹಾಲಿನಲ್ಲಿ ನಮ್ಮ ಟೆಂಟಿನ ಬೆಂಚಿನ ಒಂದು ಸಾಲಿಗೆ ಸಾಲದಷ್ಟು ಜನ. ಸಿನಿಮಾ ಕನ್ನಡದಲ್ಲೇ ಇತ್ತು, ಆದರೆ ಹೀರೋ ವಾರ್ತೆ ಓದುವವರಂತೆ ಮಾತಾಡುತ್ತಿದ್ದ. ಮಾವನ ಹೀರೋ ಐತೆ, ಬರಾಕೆ, ಹೋಗಾಕೆ ಎನ್ನುತ್ತಿದ್ದವನು. ಮೊದಲರ್ಧ ಹೀರೋ ನಿಜಕ್ಕೂ ಒಳ್ಳೆಯವನು. ಮುದುಕಿಯೊಬ್ಬಳ ಕೈಯಿಂದ ಬೆಟ್ಟದ ಆಚೆ ಹಾರಿಹೋದ ಛತ್ರಿಯನ್ನು ಹಿಡಿದು ತಂದು ಕೊಡುತ್ತಾನೆ. ನನ್ನ ಹಿಂದೆ ಕೂತ ಹುಡುಗರು ನಕ್ಕರು, ಎಂಥಾ ಪೆದ್ದು ಎಂದರು. ನಾನು ತಿರುಗಿ ನೋಡಿದೆ, ಮೇಷ್ಟ್ರ ಕಣ್ಣು, ಸುಮ್ಮನಾದರು.

ಎರಡನೇ ಅರ್ಧದಲ್ಲಿ ಖಳನಾಯಕ ಮಕ್ಕಳಿರುವ ಶಾಲಾ ವ್ಯಾನಿನ ಬಾಗಿಲು ಹೊರಗಿನಿಂದ ಬೀಗ ಹಾಕಿ ಬೆಂಕಿಯ ಕಡೆಗೆ ಉರುಳಿಸುತ್ತಾನೆ. ಮಕ್ಕಳನ್ನೇನೋ ಹೀರೋ ಉಳಿಸುತ್ತಾನೆ. ಆಮೇಲೆ ಆ ಕೆಟ್ಟವನನ್ನು ಒಂದೇ ಕೈಯಲ್ಲಿ ಹಿಡಿದು ಮೋಡದ ಮೇಲೆ ನಿಲ್ಲುತ್ತಾನೆ. ಅವನು ಬೇಡಿಕೊಳ್ಳುತ್ತಾನೆ. ಹೀರೋ ತುಂಬ ಹೊತ್ತು ಅವನನ್ನೇ ನೋಡಿ, ಬೆರಳು ಒಂದೊಂದಾಗಿ ಸಡಿಲಿಸಿ, ಬಿಟ್ಟುಬಿಡುತ್ತಾನೆ. ಹಾಲಿನಲ್ಲಿದ್ದ ಅಷ್ಟೂ ಜನ ಸೀಟಿ ಹೊಡೆದರು. ಛತ್ರಿಗೆ ನಕ್ಕ ಹುಡುಗರು ಎದ್ದು ನಿಂತು ಕೂಗಿದರು. ಚಪ್ಪಾಳೆಯ ಸದ್ದು ನನ್ನ ಹತ್ತಿರದಿಂದಲೇ ಬರುತ್ತಿದೆ ಎನ್ನಿಸಿ ಕೆಳಗೆ ನೋಡಿದರೆ, ತಟ್ಟುತ್ತಿದ್ದವು ನನ್ನವೇ ಕೈಗಳು. ಮೂವತ್ತೈದು ವರ್ಷ ಮಕ್ಕಳ ನಡುವೆ ಬದುಕಿದವಳು ನಾನು. ಆ ವ್ಯಾನಿನ ಬೀಗ ಕಂಡಾಗಿನಿಂದ ನನ್ನ ಕೈ ಕಾಯುತ್ತಿತ್ತೇನೋ.

ಆ ವಾರವೇ ಹೊನ್ನಾಳಿಗೆ ಹೋದೆ. ಮಾವ ದಿಂಬಿಗೆ ಒರಗಿ, ಮುಖ ತೊಳೆಸಿಕೊಂಡು, ವಿಭೂತಿ ಹಚ್ಚಿಸಿಕೊಂಡು ಕಾಯುತ್ತಿದ್ದ. ಛತ್ರಿಯ ಕಥೆ ಹೇಳಿದೆ, ಬಲಗಡೆಯ ತುಟಿ ನಕ್ಕಿತು. ವ್ಯಾನಿನ ಕಥೆ ಹೇಳಿದೆ. ಕೊನೆಗೆ ಏನಾಯಿತು ಎಂದು ಕೇಳಿದ.

"ಕೈ ಬಿಟ್ಟುಬಿಟ್ಟ ಮಾವ. ಅವನು ಬಿದ್ದು ಸತ್ತ."

"ಜನ?"

"ಸೀಟಿ ಹೊಡೆದ್ರು."

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಛತ್ರಿಗೂ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಾನು ಮಾತ್ರ, ಅರ್ಧ ನಿಜ ಹೇಳುವುದೂ ಸುಳ್ಳೇ ಎಂದು ಮಕ್ಕಳಿಗೆ ಕಲಿಸಿದವಳು, ಉಳಿದರ್ಧವನ್ನೂ ಹೇಳಿದೆ. ನಾನೂ ಚಪ್ಪಾಳೆ ತಟ್ಟಿದೆ ಮಾವ ಎಂದೆ.

ಅವನು ಬಯ್ಯಲಿಲ್ಲ. "ಹಂಗಾದ್ರೆ ಅವ್ನು ಮನೀಗೆ ಹೋಗಿ ಅವ್ರವ್ವಗೆ ಏನಂತ ಹೇಳ್ತಾನೆ?" ಎಂದ. ಉತ್ತರಕ್ಕೆ ಕಾಯದೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ನಾನು ಹೊರಡುವಾಗ ಹೋಗಿಬರುತ್ತೇನೆ ಮಾವ ಎಂದದ್ದಕ್ಕೂ ತಿರುಗಲಿಲ್ಲ. ಮೂರು ವಾರಕ್ಕೆ ಸುದ್ದಿ ಬಂತು.

ಲಕ್ವದ ಮನುಷ್ಯ, ವಯಸ್ಸಾಗಿತ್ತು, ಇವತ್ತೋ ನಾಳೆಯೋ ಹೋಗುವವನೇ ಆಗಿದ್ದ ಎಂದು ಎಲ್ಲರೂ ಹೇಳುತ್ತಾರೆ. ವಿಜ್ಞಾನದ ಟೀಚರು ನಾನು, ನನಗೂ ಗೊತ್ತು, ಸಿನಿಮಾದ ಕಥೆ ಕೇಳಿ ಯಾರೂ ಸಾಯುವುದಿಲ್ಲ. ಆದರೆ ಅವನು ನನ್ನಿಂದ ಕೇಳಿದ ಕೊನೆಯ ಕಥೆ ಅದು. ಜೀವಮಾನವೆಲ್ಲ ಪರರಿಗೆ ಒಳ್ಳೆಯ ಕೊನೆ ಹೇಳಿದವನಿಗೆ ನಾನು ಅಂಥ ಕೊನೆ ಹೇಳಿ ಕಳಿಸಿದೆ.

ಬಸವಾಪಟ್ಟಣದ ಅವನ ಹೊಲದಲ್ಲೇ ಮಣ್ಣು ಮಾಡಿದರು. ಗಣಾರಾಧನೆಯ ದಿನ ಪಂಕ್ತಿ ಹಾಕುವ ಮುಂಚೆ ಶಾಮಿಯಾನದ ಕೆಳಗೆ ಹಳಬರೆಲ್ಲ ಕೂತು ಅವನ ಮಾತೇ ಆಡುತ್ತಿದ್ದರು. ಶರಬತ್ತಿನ ಕಥೆ, ಕೆಮ್ಮಿನ ಕಥೆ, ಕೊನೆಗೆ ಅಣೆಕಟ್ಟಿನ ಕಥೆ. ಕತ್ತಲಗೆರೆಯ ಹನುಮಂತಪ್ಪ ಬಂದಿದ್ದ, ಎಪ್ಪತ್ತು ದಾಟಿದ್ದಾನೆ, ಈಗಲೂ ಸೈಕಲ್ಲಿನಲ್ಲೇ ಬಂದಿದ್ದ. ನಾನು ತಮಾಷೆಗೆಂಬಂತೆ, ನಿಮ್ಮ ಪಂಕ್ಚರಿನಿಂದ ನಮ್ಮ ಮಾವ ಸುಳ್ಳನಾದ ನೋಡಿ ಎಂದೆ. ಹನುಮಂತಪ್ಪ ಅತ್ತಿತ್ತ ನೋಡಿ ನನ್ನನ್ನು ಪಕ್ಕಕ್ಕೆ ಕರೆದ.

"ಪಂಕ್ಚರ್ ಎಲ್ಲಿತ್ತು ಟೀಚರ್? ಗಾಳಿ ನಾನೇ ಬಿಟ್ಟಿದ್ದು. ನಿಮ್ಮ ಮಾವನೇ ಹೇಳಿದ್ದ, ಕೊನೇ ರೀಲು ತರಬ್ಯಾಡ, ನಾಲೆ ಸೇತುವೆ ಮೇಲೆ ಕುಂತ್ಕಂಡಿರು, ಕೇಳಿದ್ರೆ ಪಂಕ್ಚರ್ ಆಗೈತೆ ಅನ್ನು ಅಂತ. ಪುಟ್ಟವ್ವ ಒಳಗೆ ಕುಂತಿರ್ತೈತೆ, ಮಗ ಹೋಗಿ ತಿಂಗ್ಳಾಗಿಲ್ಲ, ಒಬ್ಬ ನೀರಾಗೆ ಹೋಗೋದನ್ನ ಆಯಮ್ಮಗೆ ಹೆಂಗೆ ತೋರ್ಸಾದು ಅಂದ. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ದ. ಇವತ್ತೇ ಬಾಯಿ ಬಿಡ್ತಿರೋದು."

ನಮ್ಮೂರಿಗೆ ಬರುವ ಮುಂಚೆಯೇ ಮಾವ ಹೊನ್ನಾಳಿಯ ಟಾಕೀಸಿನಲ್ಲಿ ಆ ಸಿನಿಮಾ ನೋಡಿ ಬಂದಿದ್ದನಂತೆ, ಕೊನೆ ಏನೆಂದು ಗೊತ್ತಿತ್ತು. ಇಡೀ ಟೆಂಟಿನಲ್ಲಿ ಅವನು ಸುಳ್ಳು ಹೇಳಿದ್ದು ಒಬ್ಬಳಿಗೆ. ಆ ಒಬ್ಬಳ ಮನೆ ಬಾಗಿಲಿಗೇ ಹೋಗಿ, ಈರುಳ್ಳಿ ಹೆಚ್ಚುತ್ತಿದ್ದವಳ ಮುಂದೆ ನಿಂತು, ಅವನು ನೀರಲ್ಲಿ ಹೋದ ಎಂದು ನಾನು ಕೂಗಿ ಹೇಳಿದ್ದೆ. ಐವತ್ತು ವರ್ಷ ಸುಳ್ಳ ಎನ್ನಿಸಿಕೊಂಡರೂ ಅವನು ನನಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ನಾನು ಆ ಭಾರ ಹೊರಬೇಕಾಗುತ್ತಿತ್ತು. ಅಣೆಕಟ್ಟಿಗೆ ಬೆನ್ನು ಕೊಟ್ಟು ನಿಂತವರ ಕಥೆ ಹುಡುಕಿಕೊಂಡು ನಾನು ದಾವಣಗೆರೆಯವರೆಗೆ ಹೋಗಬೇಕಾಗಿಯೇ ಇರಲಿಲ್ಲ.

ಪುಟ್ಟವ್ವ ಇನ್ನೂ ಇದ್ದಾಳೆ. ಎಂಬತ್ತು ದಾಟಿದೆ, ಕಣ್ಣು ಮಂಜು. ಯಾರದೋ ಕೈ ಹಿಡಿದುಕೊಂಡು ಊಟಕ್ಕೆ ಬಂದಿದ್ದಳು. ನನ್ನ ದನಿ ಕೇಳಿ ಗುರುತು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಸುತ್ತಲೂ ಅಣೆಕಟ್ಟಿನ ಜಗಳ ಮತ್ತೆ ಶುರುವಾಗಿತ್ತು, ಸತ್ತ ಎಂದು ಅವರು, ಬದುಕಿದ ಎಂದು ಇವರು. ಪುಟ್ಟವ್ವ ನನ್ನ ಮೊಣಕೈ ಹಿಡಿದಳು.

"ಗಿರಿಜಮ್ಮಾ, ಎರಡೂ ಊರಾಗೆ ನೋಡ್ದೋಳು ನೀನೊಬ್ಬಳೇ. ಆವಾಗ ನೀನು ಬಂದು ಅವ್ನು ಹೋದ ಅಂದಿ. ಸಂಜೀಗೆ ನಿಮ್ಮ ಮಾವ ಬಂದು, ಸಣ್ಣ ಹುಡ್ಗಿ ಪುಟ್ಟವ್ವ, ನಿದ್ದೆ ಮಾಡಿ ಕನಸು ಕಂಡು ಬಂದೈತೆ, ನಂಬಬ್ಯಾಡ ಅಂದ. ಅವನ ಮಾತೇ ಇಟ್ಕಂಡೀನಿ ಇಲ್ಲೀತನಕ. ಈಗ ಅವ್ನೂ ಹೋದ. ನೀನೇ ಹೇಳವ್ವ, ಅವತ್ತು ನಿದ್ದೆ ಮಾಡಿದ್ದೇನು?"

ಸುತ್ತಲಿನ ಜಗಳ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಎಕ್ಸ್‌ರೇ ಟೀಚರು ಏನು ಹೇಳುತ್ತಾಳೆಂದು ಅವರಿಗೆಲ್ಲ ಗೊತ್ತಿತ್ತು.

"ಹೌದು ಪುಟ್ಟವ್ವ," ಎಂದೆ. "ನಿದ್ದೆ ಬಂದುಬಿಟ್ಟಿತ್ತು. ಅವನು ಬದುಕಿದ. ನಡ್ಕೊಂಡೇ ಮನೆಗೆ ಹೋದ. ಅವರವ್ವ ಬಿಸಿನೀರು ಕಾಯಿಸಿಟ್ಟಿದ್ದಳು."

ಹನುಮಂತಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, ನಂದು ಪಂಕ್ಚರ್ ಆಗಿರ್ಲಿಲ್ಲ ಅಂದ್ರೆ ನೀನೇ ನೋಡಿರ್ತಿದ್ದೆ ಪುಟ್ಟವ್ವ ಎಂದ.

ಪುಟ್ಟವ್ವ ತಲೆಯಾಡಿಸಿದಳು. ನನ್ನ ಮೊಣಕೈ ಬಿಡಲಿಲ್ಲ.

"ಮಂಜನೂ ನಿನ್ನಂಗೇ," ಎಂದಳು. "ಸಿನಿಮಾಕ್ಕೆ ಕರ್ಕಂಡು ಹೋದ್ರೆ ಸಾಕು, ಅರ್ಧಕ್ಕೇ ನಿದ್ದೆ ಮಾಡಿಬಿಡ್ತಿದ್ದ."

ಅಷ್ಟರಲ್ಲಿ ಎಲೆ ಹಾಕಿದರು. ತರಗತಿಯಲ್ಲಿ ಮಂಜನ ಪಕ್ಕ ಕೂರುತ್ತಿದ್ದವಳು ಅವನ ಅವ್ವನ ಪಕ್ಕ ಕೂತು ಊಟ ಮಾಡಿದೆ.